ಹನ್ನೊಂದಕ್ಕನ ಕೊನೆಯ ಕ್ಯಾಸೆಟ್

ಸೆಪ್ಟೆಂಬರ್ 1, ಸೋಮವಾರ

ಬೀಗ ಸಂಗ್ರಹಕಾರರ ಪ್ರದರ್ಶನ ಬಿಚ್ಚಿ ಮುಗಿಯಿತು. ನೂರಾ ನಲವತ್ತು ಬೀಗ, ಎಲ್ಲ ಒಪ್ಪಿಸಿದೆ. ಹೋಗುವಾಗ ನಮ್ಮ ಗಾಜಿನ ಕಪಾಟಿನ ಕೀಲಿಯನ್ನೇ ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ, ಪುಣ್ಯಾತ್ಮರು. ಫೋನ್ ಮಾಡಿದರೆ, "ಅಷ್ಟೊಂದು ಕೀಲಿ ಮಧ್ಯೆ ನಿಮ್ದು ಯಾವ್ದು ಅಂತ ಹುಡ್ಕೋದು ಮೇಡಂ?" ಅನ್ನುತ್ತಾರೆ.

ಗ್ರಂಥಾಲಯದ ಕೆಳಮಹಡಿಯ ಈ ಹಾಲ್ ನನ್ನ ಪಾಲಿಗೆ ಬಂದು ಆರು ವರ್ಷ. ತಿಂಗಳಿಗೊಂದು ಪ್ರದರ್ಶನ, ಊರಿನ ಯಾವ ಬಳಗ ಕೇಳಿದರೂ ಜಾಗ. ಅಂಚೆಚೀಟಿಯವರು, ಕಳ್ಳಿಗಿಡದವರು, ಹಳೇ ಸೈಕಲ್‌ನವರು. ವಿಶ್ವವಿದ್ಯಾಲಯಕ್ಕೂ ಊರಿಗೂ ನಂಟು ಬೆಳೆಯಲಿ ಎಂದು ಮುಖ್ಯಸ್ಥರ ಆಸೆ. ನನ್ನ ಪಾಲಿಗೆ ಮೊಳೆ, ದಾರ, ಸುತ್ತಿಗೆ.

ಈ ತಿಂಗಳ ಅರ್ಜಿ: ಕೇಳುಗರ ಬಳಗ. ಕಣ್ಣು ಕಾಣದ ಹಳೆಯ ವಿದ್ಯಾರ್ಥಿಗಳು. ನಮ್ಮ ಎರಡನೇ ಮಹಡಿಯಲ್ಲಿ ಹಿಂದೆ ಧ್ವನಿಕೋಣೆ ಇತ್ತು, ಇವರಿಗಾಗಿ ಪಠ್ಯಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದಿಸುತ್ತಿದ್ದರು. ಆ ಕ್ಯಾಸೆಟ್ಟುಗಳನ್ನೆಲ್ಲ ಇಟ್ಟುಕೊಂಡಿದ್ದಾರಂತೆ. ಜನರಿಗೆ ಕೇಳಿಸಬೇಕಂತೆ.

ಅರ್ಜಿ ಎರಡು ಸಲ ಓದಿದೆ. ಟೀ ಆರಿಹೋಯಿತು. ಆ ಕೋಣೆಯಲ್ಲಿ ನಾನೂ ಓದಿದ್ದೆ, ಎಂ.ಎ. ಎರಡನೇ ವರ್ಷ, ಏಳು ತಿಂಗಳು. ಯಾರಿಗೂ ಹೇಳಿಲ್ಲ. ಹೇಳುವಂಥ ಕೆಲಸ ಮಾಡಿ ಬಂದವಳಲ್ಲ ನಾನು.

ಸೆಪ್ಟೆಂಬರ್ 4, ಗುರುವಾರ

ಬಳಗದ ಕಾರ್ಯದರ್ಶಿ ಫೋನ್. ವಕೀಲರು.

"ನಮಸ್ಕಾರ ಸರ್, ಪ್ರದರ್ಶನದ ವಿಷ್ಯ..."

"ಮೇಡಂ," ಅಂದೆ.

"ಅಯ್ಯೋ, ಕ್ಷಮಿಸಿ ಮೇಡಂ. ಶೀತ ಆಗಿದ್ಯಾ?"

ಶೀತವಲ್ಲ, ಥೈರಾಯ್ಡ್ ಆಪರೇಶನ್. ಎಂಟು ವರ್ಷವಾಯಿತು, ಧ್ವನಿ ಗಂಟಲಿನ ತಳಕ್ಕೆ ಇಳಿದುಬಿಟ್ಟಿದೆ. ಫೋನಿನಲ್ಲಿ ಎಲ್ಲರಿಗೂ ಸರ್. ಗ್ಯಾಸ್ ಏಜೆನ್ಸಿಯವನಿಗಂತೂ ನಾನು ನನ್ನ ಗಂಡನೇ. ರೂಢಿಯಾಗಿದೆ. ಇವತ್ತು ಮಾತ್ರ ಚುರ್ ಅಂದಿತು.

ಮುಖ್ಯಸ್ಥರಿಗೆ ಚಿಂತೆ: "ಗೋಡೆ ಮೇಲೆ ಏನ್ ಹಾಕ್ತಾರೆ? ಫೋಟೋದಲ್ಲಿ ಏನ್ ಕಾಣುತ್ತೆ?" ಏನೂ ಕಾಣುವುದಿಲ್ಲ ಸರ್, ಕೇಳುತ್ತದೆ, ಅಂದೆ. ಗ್ರಂಥಾಲಯದಲ್ಲಿ ಕೇಳಿಸುವ ಪ್ರದರ್ಶನವೇ ಎಂದು ಹಣೆ ಹಣೆ ಚಚ್ಚಿಕೊಂಡರು. ಹೆಡ್‌ಫೋನ್ ಹತ್ತು ಜೊತೆ ಒಪ್ಪಿಸಿಕೊಂಡು ಬಂದೆ.

ಸೆಪ್ಟೆಂಬರ್ 9, ಮಂಗಳವಾರ

ಮಲಗುವ ಮುಂಚೆ ಇದನ್ನು ಬರೆದುಬಿಡುತ್ತೇನೆ.

ವಕೀಲರೂ ಸಂಗೀತದ ಟೀಚರೂ ಬಂದಿದ್ದರು. ಇಬ್ಬರಿಗೂ ಐವತ್ತರ ಆಸುಪಾಸು, ಒಂದೇ ಬ್ಯಾಚ್. ವಕೀಲರು ಬರುವಾಗ ಕೋಲು ಮೊದಲು ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ, ಆಮೇಲೆ ನಗು, ಆಮೇಲೆ ಮನುಷ್ಯ. ಟೀಚರ್ ಹಾಗಲ್ಲ, ಕೋಲು ಎಲ್ಲಿಗೂ ತಾಗದೆ ನೇರ ಮೇಜಿನ ಹತ್ತಿರ ಬಂದು ನಿಂತರು.

ಕ್ಯಾಸೆಟ್ಟುಗಳನ್ನು ಹರಡಿದರು. ಧ್ವನಿಕೋಣೆಯಲ್ಲಿ ಓದುವವರು ಹೆಸರು ಹೇಳುವಂತಿರಲಿಲ್ಲ, ಬರೀ ಸಂಖ್ಯೆ. ವಕೀಲರು ಬೆರಳಾಡಿಸಿ ಬ್ರೈಲ್ ಚೀಟಿ ಓದುತ್ತಾ ಪರಿಚಯ ಮಾಡಿಕೊಟ್ಟರು.

"ಇವ್ರು ಏಳು ಮೇಷ್ಟ್ರು. ಪುಟ ತಿರುವೋ ಮುಂಚೆ ಒಂದು ಕೆಮ್ಮು, ಗ್ಯಾರಂಟಿ. ಇವ್ರು ಮೂರಣ್ಣ. ಅರ್ಥಶಾಸ್ತ್ರ ಓದ್ತಾ ಓದ್ತಾ ನಿದ್ದೆ ಹೋದ್ರು. ಗೊರಕೆ ಹನ್ನೆರಡು ನಿಮಿಷ ಇದೆ. ಅಳಿಸೋಕೆ ನಾವು ಬಿಡ್ಲಿಲ್ಲ."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದೆ. ಆಗ ಟೀಚರ್ ಚೀಲದಿಂದ ಒಂದು ಡಬ್ಬಿ ತೆಗೆದರು, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದು.

"ಇದನ್ನ ಬೇರೆ ಮೇಜಲ್ಲಿ ಇಡಿ ಮೇಡಂ. ಇದು ನಮ್ಮ ಹನ್ನೊಂದಕ್ಕ. ಪಾಪ, ಓದ್ತಾ ಓದ್ತಾನೇ ತೀರ್ಕೊಂಡ್ರು."

ಸುತ್ತಿಗೆ ಬೆರಳಿನ ಮೇಲೆ ಬಿತ್ತು.

ಹನ್ನೊಂದು ನಾನು.

"ಇತಿಹಾಸದ ಪುಸ್ತಕ," ವಕೀಲರು ಹೇಳಿದರು. "ಹದಿನಾಲ್ಕನೇ ಪಾಠ. ಕೋಟೆಗೆ ಮುತ್ತಿಗೆ ಹಾಕಿರ್ತಾರೆ. 'ನೀರು ಮುಗಿದ ಮೇಲೆ ಕೋಟೆಯೊಳಗಿದ್ದವರು' ಅಂತ ಓದ್ತಾರೆ, ಅಷ್ಟೇ. ಒಂದು ಚೀರು. ಆಮೇಲೆ ಏನಿಲ್ಲ. ಕೋಣೆ ನೋಡ್ಕೋತಿದ್ದ ಮೇಡಂನ ಕೇಳಿದ್ವಿ. ಆ ಹುಡುಗಿ ಮಾತೆತ್ತಬೇಡಿ ಅಂದ್ರು. ಮೂಗು ಎಳ್ಕೊಂಡಿದ್ದು ಕೇಳಿಸ್ತು."

"ನಂಗೆ ಹೃದಯ ಅನ್ಸುತ್ತೆ," ಟೀಚರ್ ಅಂದರು. "ಇವ್ರು ಕರೆಂಟ್ ಹೊಡೀತು ಅಂತಾರೆ. ಮೂವತ್ತೊಂದು ವರ್ಷದಿಂದ ಜಗಳ."

ಪ್ರತಿ ಫೆಬ್ರವರಿ ಕೊನೆಯ ಶನಿವಾರ ಬಳಗದವರು ಸೇರಿ ನನಗಾಗಿ ಎರಡು ನಿಮಿಷ ಮೌನ ಆಚರಿಸುತ್ತಾರಂತೆ. ಮೂವತ್ತೊಂದು ಸಲ ಆಚರಿಸಿದ್ದಾರೆ.

ಉಳಿದ ಮೊಳೆ ಹೊಡೆದು ಮನೆಗೆ ಬಂದೆ. ಬೆರಳು ಊದಿದೆ.

ಸೆಪ್ಟೆಂಬರ್ 10, ಬುಧವಾರ

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಪೇಪರ್ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸತ್ತವಳಾಗೇ ಇದ್ಬಿಡೇ. ಒಳ್ಳೇ ಹೆಸರಿದೆ. ಬದುಕಿರೋರಲ್ಲಿ ಯಾರಿಗೆ ಅಷ್ಟು ಮರ್ಯಾದೆ ಸಿಗುತ್ತೆ?"

ನಾನು ನಗಲಿಲ್ಲ. ಆಮೇಲೆ ಪಾತ್ರೆ ಒರೆಸುತ್ತಾ ಅವರೇ ಕೇಳಿದರು, "ಹೇಳಿದ್ರೆ ಏನಾಗುತ್ತೆ?" ಸುಳ್ಳು ದುಃಖಕ್ಕೆ ಮೂವತ್ತೊಂದು ವರ್ಷ ಕೊಟ್ಟವರಿಗೆ ಏನಾಗುತ್ತದೋ ನನಗೇನು ಗೊತ್ತು? ನನಗಂತೂ ಮುಖ ಎತ್ತಲಾಗುವುದಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ. ಮಧ್ಯಾಹ್ನ 2

ಹಾಲ್‌ನಲ್ಲಿ ಯಾರೂ ಇಲ್ಲ. ಕ್ಯಾಸೆಟ್ ಕೇಳಿದೆ. ಉಪಕರಣ ಪರೀಕ್ಷೆ ಎಂದು ನನಗೆ ನಾನೇ ನೆಪ ಹೇಳಿಕೊಂಡು.

"ಓದುಗಿ ಸಂಖ್ಯೆ ಹನ್ನೊಂದು. ಪಾಠ ಹದಿನಾಲ್ಕು." ಅಬ್ಬಾ. ಎಷ್ಟು ತೆಳು ಧ್ವನಿ! ಎಷ್ಟು ಅವಸರ! ಬೆತ್ತದ ಕುರ್ಚಿಯ ಕಿರುಗುಟ್ಟುವಿಕೆ. ಕಿಟಕಿಯ ಕಾಗೆ. ಕೋಣೆ ನೋಡಿಕೊಳ್ಳುತ್ತಿದ್ದ ಮೇಡಂ ಲೋಟ ಕೆಳಗಿಟ್ಟ ಸದ್ದು. ಒಂದು ಕಡೆ ನಾಲಿಗೆ ತೊಡರಿ, "ಅಯ್ಯೋ, ತಪ್ಪೋದೆ, ಇರಿ, ಮತ್ತೆ ಓದ್ತೀನಿ" ಅನ್ನುತ್ತಾಳೆ, ಕಿಸಕ್ಕನೆ ನಗುತ್ತಾಳೆ. ಆ ಕೋಣೆಯ ವಾಸನೆಯೇ ಬಂದುಬಿಟ್ಟಿತು — ಕಂಬಳಿ ಹೊದಿಸಿದ ಗೋಡೆ, ಬಿಸಿಯಾದ ಮಷೀನು, ಮೇಡಂ ಹಚ್ಚಿಕೊಳ್ಳುತ್ತಿದ್ದ ಪೌಡರು. ಬೆಳಿಗ್ಗೆ ಬೇಗ ಹೋದರೆ ಅರ್ಧ ಲೋಟ ಟೀ ನನಗೂ. "ಕಾಣದವರಿಗೆ ಓದ್ತಿದೀಯ, ಕಾಣೋ ಹಾಗೆ ಓದು" ಅನ್ನುತ್ತಿದ್ದರು. ನನ್ನನ್ನು ತುಂಬಾ ಹಚ್ಚಿಕೊಂಡಿದ್ದರು. ಈಗ ಇಲ್ಲ.

ಆಪರೇಶನ್ ಆದಮೇಲೆ ನನ್ನ ಹಳೆಯ ಧ್ವನಿ ಕೇಳಿದ್ದು ಇದೇ ಮೊದಲು. ಮನೆಯಲ್ಲಿ ಒಂದು ರೆಕಾರ್ಡಿಂಗೂ ಇಲ್ಲ. ಅಳು ಬಂತು. ಅತ್ತೆ.

ಕೊನೆಗೆ ಆ ಚೀರು. ಚೀರೂ ಅಲ್ಲ, ಮಣ್ಣೂ ಅಲ್ಲ. ಕರೆಂಟ್ ಹೋಗಿತ್ತು. ರೆಕಾರ್ಡ್ ಆಗುವಾಗ ಮಷೀನು ನಿಧಾನವಾಗಿ ನಿಂತರೆ, ಆಮೇಲೆ ಕೇಳುವಾಗ ಧ್ವನಿ ಕೀಚಲಾಗಿ ಮೇಲೇರುತ್ತದೆ. ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಅವರು ಕೇಳಿದ್ದು ಮಾತ್ರ.

ಸೆಪ್ಟೆಂಬರ್ 15, ಸೋಮವಾರ

ಉದ್ಘಾಟನೆ. ಎಪ್ಪತ್ತು ಜನ. ಮುಖ್ಯಸ್ಥರು ಖುಷ್, ಹೆಡ್‌ಫೋನ್ ಹಾಕಿಕೊಂಡೇ ಫೋಟೋ ತೆಗೆಸಿಕೊಂಡರು.

ಕೊನೆಯ ಕ್ಯಾಸೆಟ್ಟನ್ನು ಸ್ಪೀಕರಿಗೆ ಹಾಕಿದರು. ಆಮೇಲೆ ಎಲ್ಲರೂ ಎದ್ದು ನಿಂತರು. ನಾನೂ ನಿಂತೆ. ನನ್ನ ಶ್ರದ್ಧಾಂಜಲಿಗೆ ನಾನೇ ಕುರ್ಚಿ ಹಾಕಿಸಿದ್ದು, ನಾನೇ ಮೈಕ್ ಕೊಟ್ಟದ್ದು, ನಾನೇ ತಲೆ ಬಗ್ಗಿಸಿದ್ದು.

ವಕೀಲರ ಭಾಷಣ: "ಪರೀಕ್ಷೇಲಿ ಹದಿನಾಲ್ಕನೇ ಪಾಠದಿಂದಾನೇ ಹತ್ತು ಮಾರ್ಕ್ಸ್ ಪ್ರಶ್ನೆ ಬಂತು. ಬೇರೆಯವ್ರ ಹತ್ರ ಓದಿಸ್ಕೋಬಹುದಿತ್ತು. ಮನಸ್ಸು ಬರ್ಲಿಲ್ಲ. ನನ್ನ ಪರ ಬರೀತಿದ್ದವ್ರಿಗೆ ಹೇಳ್ದೆ, ಆ ಜಾಗ ಖಾಲಿ ಬಿಡಿ ಅಂತ. ಅಕ್ಕನಿಗೆ ನಾನು ಕೊಟ್ಟಿದ್ದು ಅಷ್ಟೇ."

ಚಪ್ಪಾಳೆ. ನಾನೂ ತಟ್ಟಿದೆ. ನಾಚಿಕೆಗೇಡು.

ಸೆಪ್ಟೆಂಬರ್ 22, ಸೋಮವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಮುಖವಿಲ್ಲ.

ಪ್ರದರ್ಶನಕ್ಕೆ ಜನವೋ ಜನ. ಓದುವ ಹಾಲ್‌ನ ವಿದ್ಯಾರ್ಥಿಗಳು ಮೂರಣ್ಣನ ಗೊರಕೆಗೆ ಕ್ಯೂ ನಿಲ್ಲುತ್ತಾರೆ. ನನ್ನ ಮೇಜಿಗೆ ಹೂವು. ದಿನಾ ಸಂಜೆ ಬಾಡಿದ್ದನ್ನು ನಾನೇ ತೆಗೆದು ಹಾಕುತ್ತೇನೆ.

ಮಧ್ಯಾಹ್ನ ಟೀಚರ್ ನನ್ನ ಪಕ್ಕ ಕುಳಿತು ಊಟದ ಡಬ್ಬಿ ತೆರೆದರು. ಈಗ ಅವರೂ ಮಕ್ಕಳಿಗಾಗಿ ಬ್ರೈಲ್‌ನಲ್ಲಿ ಓದಿ ರೆಕಾರ್ಡ್ ಮಾಡುತ್ತಾರಂತೆ, ಇಪ್ಪತ್ತು ವರ್ಷದಿಂದ.

"ಒಂದೊಂದ್ ದಿನ ಬೇಜಾರಾಗುತ್ತೆ ಮೇಡಂ, ಸಾಕಪ್ಪಾ ಅನ್ಸುತ್ತೆ. ಆಗ ಅಕ್ಕ ನೆನಪಾಗ್ತಾರೆ. ಪ್ರಾಣ ಹೋಗೋವರೆಗೂ ಓದಿದ್ರಲ್ಲ, ನಂದೇನು ಮಹಾ ಅಂತ ಮತ್ತೆ ಶುರು ಮಾಡ್ತೀನಿ."

ಹೇಳಿದರೆ ಈಕೆಯ ಇಪ್ಪತ್ತು ವರ್ಷಕ್ಕೆ ಏನು ಉಳಿಯುತ್ತದೆ?

ಹೇಳುವುದಿಲ್ಲ. ತೀರ್ಮಾನ ಮಾಡಿದೆ.

ಸೆಪ್ಟೆಂಬರ್ 24, ಬುಧವಾರ

ತೀರ್ಮಾನದ ಆಯಸ್ಸು ಎರಡು ದಿನ.

ಹಾಲ್‌ನ ಒಂದು ಮೂಲೆಗೆ ಹನ್ನೊಂದಕ್ಕನ ಹೆಸರಿಡಬೇಕೆಂದು ಬಳಗದವರು ಕೇಳಿದ್ದಾರೆ. ಮುಖ್ಯಸ್ಥರು ತಕ್ಷಣ ಒಪ್ಪಿದ್ದಾರೆ. ಹಿತ್ತಾಳೆ ಫಲಕವಂತೆ. ಕಡತ ನನ್ನ ಮೇಜಿಗೆ. ಮೇಲೆ ಕೆಂಪು ಶಾಯಿಯಲ್ಲಿ: "ಧ್ವನಿಕೋಣೆಯ ಹಳೇ ರಿಜಿಸ್ಟರ್ ನೋಡಿ ಮೃತರ ಪೂರ್ಣ ಹೆಸರು, ಕಾಲವಾದ ದಿನಾಂಕ ಶುಕ್ರವಾರದೊಳಗೆ ಒದಗಿಸುವುದು."

ರಿಜಿಸ್ಟರ್ ಸ್ಟೋರ್‌ರೂಮಿನಲ್ಲಿದೆ. ಹನ್ನೊಂದರ ಮುಂದೆ ನನ್ನ ಹೆಸರು, ನನ್ನ ಸಹಿ. ಪಕ್ಕದಲ್ಲಿ ಮೇಡಂ ಕೈಬರಹ: "ಫೆಬ್ರವರಿ ಕೊನೆಯ ಶನಿವಾರದಿಂದ ಬಂದಿಲ್ಲ. ಕಾಯುತ್ತಿದ್ದೇನೆ." ಕೆಳಗೆ ಬೇರೆ ಶಾಯಿಯಲ್ಲಿ, ಜೂನ್ ತಿಂಗಳದ್ದು: "ಬರಲಿಲ್ಲ."

ಇಷ್ಟು ವರ್ಷ ಅದೇ ಕಟ್ಟಡದಲ್ಲಿ ಕೆಲಸ ಮಾಡಿದೆ. ಒಂದು ಸಲವೂ ಆ ರಿಜಿಸ್ಟರ್ ತೆಗೆಯಲಿಲ್ಲ. ಮೇಡಂ ಬದುಕಿದ್ದಾಗ ಹೋಗಿ ಕಾಲು ಹಿಡಿದಿದ್ದರೆ ಬೈದು ಟೀ ಕೊಡುತ್ತಿದ್ದರು. ನನಗದು ಗೊತ್ತಿತ್ತು.

ಸೆಪ್ಟೆಂಬರ್ 26, ಶುಕ್ರವಾರ

ಕೊನೆಯ ದಿನ. ಹೇಳಿಬಿಟ್ಟೆ.

ಸಂಜೆ ನಾಲ್ಕೂವರೆ. ಇಬ್ಬರೂ ಕ್ಯಾಸೆಟ್ ಕಟ್ಟುತ್ತಿದ್ದರು. ಬಾಗಿಲು ಮುಚ್ಚಿ ಬಂದು ಎದುರು ಕುಳಿತೆ. ಪೀಠಿಕೆ ಏನೇನೋ ಯೋಚಿಸಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ.

"ಹನ್ನೊಂದು ನಾನೇ."

ವಕೀಲರು ತಮಾಷೆ ಅಂದುಕೊಂಡರು. "ನಿಮ್ಮ ಧ್ವನಿಗೂ ಅವ್ರ ಧ್ವನಿಗೂ..."

ಆಪರೇಶನ್ ವಿಷಯ ಹೇಳಿದೆ. ಬೆತ್ತದ ಕುರ್ಚಿ, ಕಾಗೆ, ಮೇಡಂ ಲೋಟ, ಕರೆಂಟ್ ಹೋಗಿದ್ದು, ಎಲ್ಲ. ಟೀಚರ್ ಕೇಳಿದರು, "ಮತ್ಯಾಕೆ ಬರ್ಲಿಲ್ಲ?"

ಮೂವತ್ತೊಂದು ವರ್ಷದಿಂದ ಇದೇ ಪ್ರಶ್ನೆಗೆ ಹೆದರಿದ್ದೆ.

"ಮೇಡಂ ಅರ್ಧ ಗಂಟೆ ಕಾಯಮ್ಮ ಅಂದ್ರು. ಹೊರಗೆ ಗೆಳತೀರು ಮ್ಯಾಟಿನಿಗೆ ಹೊರಟಿದ್ರು. ಜೊತೇಲಿ ಹೋಗ್ಬಿಟ್ಟೆ. ಸೋಮವಾರ ಮುಗಿಸೋಣ ಅಂದ್ಕೊಂಡೆ. ಸೋಮವಾರ ಇನ್ನೇನೋ ಬಂತು. ವಾರ ಆಯ್ತು. ಆಮೇಲೆ ಮೇಡಂ ಮುಖ ನೋಡೋಕೆ ನಾಚಿಕೆ. ತಿಂಗಳಾದ್ಮೇಲೆ ಆ ಕಾರಿಡಾರಲ್ಲೇ ಓಡಾಡೋದು ಬಿಟ್ಟೆ. ಇಷ್ಟೇ. ಬೇರೆ ಯಾವ ಕಾರಣವೂ ಇಲ್ಲ."

ಟೀಚರ್ ರೇಷ್ಮೆ ಬಟ್ಟೆ ಮಡಚಿದರು. ಮತ್ತೆ ಮಡಚಿದರು. ಚೀಲಕ್ಕೆ ಹಾಕಿಕೊಂಡರು. ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು, ಎದ್ದು ಹೋದರು.

ವಕೀಲರು ಕೋಲಿನ ಹಿಡಿ ಸವರುತ್ತಾ ಕುಳಿತಿದ್ದರು.

"ಹತ್ತು ಮಾರ್ಕ್ಸ್ ಬಿಟ್ಟೆ ಕಣ್ರೀ ನಾನು."

"ಗೊತ್ತು."

"ಫಸ್ಟ್ ಕ್ಲಾಸ್ ಹೋಗಿದ್ದು ನಾಲ್ಕು ಮಾರ್ಕ್ಸಲ್ಲಿ."

ಇದು ಗೊತ್ತಿರಲಿಲ್ಲ. ಆಮೇಲೆ ಕೇಳಿದರು:

"ಸಿನಿಮಾ ಚೆನ್ನಾಗಿತ್ತಾ?"

"ಇಲ್ಲ. ಇಂಟರ್‌ವಲ್‌ನಲ್ಲೇ ಎದ್ದು ಬಂದ್ವಿ."

"ಅದನ್ನೂ ಅರ್ಧಕ್ಕೇ ಬಿಟ್ರಾ!"

ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗುವೋ ಅಳುವೋ ನನಗೆ ತಿಳಿಯಲಿಲ್ಲ, ನಾನೂ ಸೇರಿಕೊಂಡೆ. ಕಡತದ ಮೇಲೆ "ಸದರಿಯವರು ಬದುಕಿದ್ದಾರೆ" ಎಂದು ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಿದೆ.

ಸೆಪ್ಟೆಂಬರ್ 28, ಭಾನುವಾರ

ಟೀಚರ್ ಫೋನ್. ನಮಸ್ಕಾರವಿಲ್ಲ, ಮೇಡಂ ಅನ್ನಲೂ ಇಲ್ಲ.

"ಕೋಟೆಯೊಳಗಿದ್ದವ್ರು ಏನ್ ಮಾಡಿದ್ರು? ಅದೊಂದು ಹೇಳಿ. ಮಿಕ್ಕಿದ್ದಕ್ಕೆ ಆಮೇಲೆ ಬೈತೀನಿ."

ನನಗೂ ಗೊತ್ತಿಲ್ಲ ಅಂದೆ. ನಿಜ. ಆ ಪುಸ್ತಕವನ್ನು ನಾನು ಮತ್ತೆ ಮುಟ್ಟಿಲ್ಲ.

ಅತ್ತ ಕಡೆ ದೀರ್ಘ ಉಸಿರು. "ನಾಳೆ ಹನ್ನೊಂದು ಗಂಟೆಗೆ ಹಾಲ್‌ನಲ್ಲಿರಿ. ವಕೀಲರನ್ನ ಕರ್ಕೊಂಡು ಬರ್ತೀನಿ. ಅಥವಾ ಬರಲ್ಲ. ಇನ್ನೂ ಯೋಚ್ನೆ ಮಾಡಿಲ್ಲ."

ಸೆಪ್ಟೆಂಬರ್ 29, ಸೋಮವಾರ. ಬೆಳಿಗ್ಗೆ 10.50

ಪುಸ್ತಕ ನಾಲ್ಕನೇ ಮಹಡಿಯಲ್ಲಿ ಸಿಕ್ಕಿತು. ಕೊನೆಯ ಸಲ ಹೊರಗೆ ಹೋದ ಮುದ್ರೆ ಹತ್ತೊಂಬತ್ತು ವರ್ಷದ ಹಿಂದಿನದು. ಪಾಠ ಹದಿನಾಲ್ಕು, ಪುಟ ಇನ್ನೂರ ಆರು. ಬೆರಳಿಟ್ಟುಕೊಂಡು ಕುಳಿತಿದ್ದೇನೆ, ಕಣ್ಣು ಹಾಯಿಸಿಲ್ಲ. ಅವರಿಗಿಂತ ಮುಂಚೆ ತಿಳಿದುಕೊಳ್ಳುವ ಹಕ್ಕು ನನಗಿಲ್ಲ. ಗಂಟಲು ಗರಗರ ಅನ್ನುತ್ತಿದೆ. ಈ ಧ್ವನಿ ಅವರಿಗೆ ಹಿಡಿಸದೇ ಹೋಗಬಹುದು. ಇರುವುದು ಇದೊಂದೇ.

10.55. ವಕೀಲರ ಫೋನ್: ಕೋರ್ಟಿನಲ್ಲಿ ಸಿಕ್ಕಿಬಿದ್ದಿದ್ದಾರೆ, ತಡವಾಗುತ್ತದಂತೆ. "ಟೀಚರ್ ವಿಷ್ಯ ನಂಗೂ ಗೊತ್ತಿಲ್ಲಮ್ಮ" ಅಂದರು.

11.10. ಯಾರೂ ಇಲ್ಲ.

11.20. ಕಾರಿಡಾರಿನಲ್ಲಿ ಕೋಲಿನ ಸದ್ದು. ಒಂದೇ ಕೋಲು. ಬಾಗಿಲವರೆಗೆ ಬಂತು, ಚೌಕಟ್ಟಿಗೆ ತಾಗಲಿಲ್ಲ, ನೇರ ನನ್ನ ಮೇಜಿನ ಕಡೆಗೇ—