ನಾನು ಅಳಿಸಿದ ಒಂದು ಮಾತು

ಗದಗ, ಫೆಬ್ರವರಿ 30, 2191

ಒಂದೂವರೆ ಶತಮಾನದ ಹಿಂದಿನ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ನಿಮಗೆ ತೀರ ತೊಳೆದಿಟ್ಟಂತೆ ಕಂಡರೆ ಕ್ಷಮಿಸಿ. ಅದನ್ನು ತೊಳೆದವರಲ್ಲಿ ನಾನೂ ಒಬ್ಬ.

ನಮ್ಮ ಮನೆಗಳಲ್ಲಿ ಕೇಳುಗೋಡೆ ಎಂಬುದಿದೆ. ಮಗುವಿಗೆ ಹುಷಾರಿಲ್ಲದಾಗ ಅಡುಗೆಮನೆಯ ಗೋಡೆಯ ಮೇಲೆ ಒಂದೊಂದೇ ಪ್ರಶ್ನೆ ಮೂಡುತ್ತದೆ. ತಾಯಿ ಹೌದು, ಇಲ್ಲ ಎಂದರೆ ಸಾಕು. ಅಪಾಯವೆನಿಸಿದರೆ ಆಸ್ಪತ್ರೆಯ ಬಂಡಿ ತಾನೇ ಹೊರಟು ಬರುತ್ತದೆ. ಆ ಪ್ರಶ್ನೆಗಳ ಭಾಷೆ ತಿದ್ದಿದ ಸಮಿತಿಯಲ್ಲಿ ಕನ್ನಡ ಮಾಸ್ತರನಾದ ನಾನೂ ಇದ್ದೆ. ಮೊದಲ ಕರಡಿನಲ್ಲಿ "ಕೂಸು ಉಚ್ಚೆ ಹೊಯ್ದಿದೆಯೇ?" ಎಂದಿತ್ತು. ನಾನು ಕಿಡಿಕಿಡಿಯಾದೆ. ಇಷ್ಟು ದೊಡ್ಡ ಸಾಹಿತ್ಯವಿರುವ ಭಾಷೆ ಮನೆಮನೆಯ ಗೋಡೆಯ ಮೇಲೆ ಹೀಗೆ ಮಾತನಾಡಬೇಕೆ ಎಂದು ಹಳಗನ್ನಡದ ಪದ್ಯಗಳನ್ನು ಉದ್ಧರಿಸುತ್ತ ಮುಕ್ಕಾಲು ಗಂಟೆ ವಾದಿಸಿದೆ. ಕೊನೆಗೆ ಅದು "ದ್ರವ ವಿಸರ್ಜನೆ ಆಗುತ್ತಿದೆಯೇ?" ಎಂದಾಯಿತು. ಚಪ್ಪಾಳೆ ಬಿತ್ತು.

ಹೋದ ವಾರ ಎದುರು ಮನೆಯ ಹುಲಿಗೆಮ್ಮನ ಎಂಟು ತಿಂಗಳ ಕೂಸು ಚೆನ್ನವ್ವನಿಗೆ ಭೇದಿ ಹತ್ತಿತು. ಗೋಡೆ ನನ್ನ ಪ್ರಶ್ನೆ ಕೇಳಿತು. ಬೆಳಗಿನಿಂದ ಏಳು ಸಲ ನೀರಿನಂತೆ ಭೇದಿಯಾಗಿತ್ತಲ್ಲ, ಅವಳು ಹೌದು ಎಂದಳು. ಕೂಸು ಚೆನ್ನಾಗಿ ಮೂತ್ರ ಮಾಡುತ್ತಿದೆ ಎಂದು ತಿಳಿದ ಗೋಡೆ ಹಸಿರಾಯಿತು. ಮಧ್ಯಾಹ್ನ ನಾನು ಹೋದಾಗ ಕೂಸು ಸದ್ದಿಲ್ಲದೆ ಮಲಗಿತ್ತು. ಆದರೂ ತಾಯಿಗೆ ಸಮಾಧಾನವಿರಲಿಲ್ಲ.

"ಒಮ್ಮಿ ದವಾಖಾನಿಗಿ ಹೋಗಿ ಬರ್ಲೇನ್ರಿ ಕಾಕಾ?"

ಗೋಡೆ ಹಸಿರಿರುವುದು ಕಾಣುವುದಿಲ್ಲವೇ, ಓದಲು ಬರುವುದಿಲ್ಲವೇ ಎಂದು ಗದರಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಫಕೀರವ್ವ ಬಂದಳು. ಗೋಡೆಯತ್ತ ನೋಡಲೂ ಇಲ್ಲ, ನೇರ ಕೂಸಿನ ನೆತ್ತಿ ಮುಟ್ಟಿದಳು.

"ಉಚ್ಚಿ ಯಾವಾಗ ಹೊಯ್ದೈತೆವಾ?"

"ನಸುಕಿನ್ಯಾಗ ಹೊಯ್ದಿದ್ದ ಕಡೀದು, ಆಯಿ."

"ನೆತ್ತಿ ತಗ್ಗು ಬಿದ್ದೈತಿ, ಬಾಯಿ ಒಣಗೈತಿ. ಇದು ಮಲಗಿಲ್ಲ, ಸೋತೈತಿ. ಎತ್ಕೊ, ನಡಿ! ಮಾಸ್ತರ, ಬಾಗಿಲಾ ಬಿಟ್ಟು ನಿಂದರ್ರಿ. ಅಡ್ಡ ನಿಲ್ಲಾಕ ನಿಮ್ಮ ಗ್ವಾಡಿ ಒಂದ ಸಾಕು."

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೂಸು ನಮಗೆ ಸಿಗುತ್ತಿರಲಿಲ್ಲ ಎಂದರು ವೈದ್ಯರು. ಮೂರನೆಯ ದಿನ ಚೆನ್ನವ್ವ ಬತ್ತಿದ್ದ ಕಣ್ಣೀರು ಮತ್ತೆ ಸುರಿಸಿ ಅತ್ತಾಗ ವಾರ್ಡಿಗೆ ವಾರ್ಡೇ ನಕ್ಕಿತಂತೆ. ಮನೆಗೆ ಬಂದ ಹುಲಿಗೆಮ್ಮ ನನಗೆ ಕೈಮುಗಿದಳು. "ನಾ ಶಾಣ್ಯಾಕಿ ಅಲ್ರಿ ಕಾಕಾ, ಪ್ರಶ್ನಿ ತಪ್ಪ ತಿಳ್ಕೊಂಡೆ."

ಪ್ರಶ್ನೆ ಬರೆದವನು ನಾನೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. "ಇರಲಿ ಬಿಡವಾ" ಎಂದೆ, ಅವಳನ್ನು ಕ್ಷಮಿಸುವವನ ಹಾಗೆ.

ನಿಮ್ಮ ಕಾಲದಲ್ಲಿ ಉಚ್ಚೆ ಎಂಬ ಆ ಮಾತು ಇನ್ನೂ ಮನೆಮನೆಯಲ್ಲಿದೆ. ನನ್ನಂಥವರ ಕೈಗೆ ಅದನ್ನು ಕೊಡಬೇಡಿ. ವಾಂತಿ ಭೇದಿಯಾದ ಕೂಸು ಆರೆಂಟು ತಾಸು ಉಚ್ಚೆ ಹೊಯ್ಯದಿದ್ದರೆ, ಕಣ್ಣೀರಿಲ್ಲದೆ ಅತ್ತರೆ, ಎಬ್ಬಿಸಿದರೂ ಎದ್ದು ಹಾಲು ಕುಡಿಯದಿದ್ದರೆ, ಗೋಡೆಯನ್ನಾಗಲಿ ಓದಿದ ನೆರೆಯವನನ್ನಾಗಲಿ ಕೇಳುತ್ತ ನಿಲ್ಲಬೇಡಿ. ಎತ್ತಿಕೊಂಡು ಹೊರಡಿ.

ಈ ಪತ್ರ ಮುಗಿಸಿ ಎದುರು ಮನೆಗೆ ಹೋಗುತ್ತೇನೆ. ಹುಲಿಗೆಮ್ಮನಿಗೆ ಮೊದಲು ಹೇಳಬೇಕಾದದ್ದನ್ನು, ಎದುರು ನಿಂತು ಬೈಯಲಾರದ ನಿಮಗೆ ಮೊದಲು ಹೇಳಿಕೊಂಡೆ. ಇದೂ ಹೇಡಿತನವೇ.

ಗುರುಶಾಂತ ಕೊಟಗಿ