ಶೆಡ್ಡಿನ ಟ್ಯೂಬ್‌ಲೈಟ್

ಸ್ಕಿಪ್ಟನ್
ಮಾರ್ಚ್ 9, ಸೋಮವಾರ

ಅಮ್ಮನಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ನಿನ್ನೆ ಇಡೀ ಶೂಟಿಂಗ್ ಕ್ಲಬ್ಬಿನ ಮುಂದೆ ಹೆತ್ತ ಮಗಳನ್ನು ಮನೆಗೆ ಅಟ್ಟುವಷ್ಟು ಚೆನ್ನಾಗಿಯೇ ಇದ್ದೆ.

ನಾನು ಹಾಕುವ ಪೆಲೆಟ್ ಗುಂಡು ಸೆಕೆಂಡಿಗೆ ಎಂಟುನೂರು ಅಡಿ ದಾಟಿದರೆ, ಲೈಸೆನ್ಸ್ ಇಲ್ಲದ ನನ್ನ ಏರ್‌ಗನ್ ಕಾನೂನಿಗೆ ವಿರುದ್ಧ. ಗೊತ್ತು. ಊರಿನ ಬಂದೂಕುಗಳನ್ನೆಲ್ಲ ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ ಪರೀಕ್ಷೆ ಮಾಡುವವಳ ಮಗಳಿಗೆ ಅಷ್ಟೂ ಗೊತ್ತಿರಬೇಡವೇ? ಆದರೆ ನಿನ್ನೆ ಆ ಯಂತ್ರ ಮೊದಲು 785 ತೋರಿಸಿತು, ಆಮೇಲೆ 931, ಆಮೇಲೆ 652. ಅದೇ ಬಂದೂಕು, ಅದೇ ಡಬ್ಬಿಯ ಪೆಲೆಟ್ಟು. ಯಾವ ಬಂದೂಕೂ ಹಾಗೆ ಕುಣಿಯುವುದಿಲ್ಲ. ನೀನು ಅಂಕಿ ಓದಲು ಕ್ಲಿಫರ್ಡನನ್ನು ಕರೆದೆ. ಆತನಿಗೋ ಕ್ಲಬ್ಬಿನ ಖಜಾಂಚಿ ಕೆಲಸಕ್ಕಿಂತ ಕುಚೇಷ್ಟೆಯೇ ಹೆಚ್ಚು. "ಏನಮ್ಮ ಜೋಸ್ಲಿನ್, ಗುರಿಗಿಟ್ಟ ತಗಡಿನ ಮೊಲ ಹೊಡೀತೀಯೋ, ಬಸ್ಸನ್ನೇ ಕೆಡವ್ತೀಯೋ?" ಅಂದ. ಎಲ್ಲರೂ ನಕ್ಕರು. ನೀನು ಮಾತ್ರ, "ಯಂತ್ರ ಹೇಳಿದ್ಮೇಲೆ ಮುಗೀತು. ಮಗಳಾದ್ರೇನು, ಮಹಾರಾಣಿಯಾದ್ರೇನು" ಎಂದು ಸ್ಪರ್ಧೆಯ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದೆ. ನನಗೆ ನಾಚಿಕೆಯೂ ಆಯಿತು, ಮೈಯೆಲ್ಲ ಉರಿದೂ ಹೋಯಿತು.

ಆ ಯಂತ್ರಕ್ಕೆ ಎರಡು ಕಣ್ಣು. ಪೆಲೆಟ್ಟಿನ ನೆರಳು ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ ವೇಗ ಹೇಳುತ್ತದೆ. ಟ್ಯೂಬ್‌ಲೈಟ್ ನಮಗೆ ಒಂದೇ ಸಮ ಉರಿದಂತೆ ಕಂಡರೂ ಕ್ಷಣಕ್ಷಣಕ್ಕೂ ಮಿನುಗುತ್ತದೆ. ಯಂತ್ರ ಆ ಮಿನುಗನ್ನೇ ನೆರಳೆಂದುಕೊಂಡು ಬಾಯಿಗೆ ಬಂದದ್ದು ಹೇಳುತ್ತದೆ. ಇದನ್ನೆಲ್ಲ ನನಗೆ ಕಲಿಸಿದವಳೇ ನೀನು! ಇಷ್ಟು ವರ್ಷ ಕ್ಲಬ್ಬಿನ ಶೆಡ್ಡಿನಲ್ಲಿ ಅಷ್ಟಾಗಿ ಮಿನುಗದ ಎರಡು ಹಳೇ ಬಲ್ಬು, ಬೆಳಕು ಸಮವಾಗಿ ಹರಡಲು ಕೆಳಗೊಂದು ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟಿ ಕೆಲಸ ನಡೆಸಿದವಳು, ಈಗ ಅದನ್ನೆಲ್ಲ ಕಿತ್ತು ಟ್ಯೂಬ್‌ಲೈಟ್ ಹಾಕಿಸಿದ್ದೀಯಲ್ಲ, ನಿನಗೇನಾಗಿದೆ?

ಇವತ್ತು ನಮ್ಮ ಗ್ಯಾರೇಜಿನಲ್ಲಿ ಹಳೇ ಬಲ್ಬು ಹಾಕಿ, ಅಂಥದೇ ಯಂತ್ರ ಎರವಲು ತಂದು ಅಳೆದೆ. ಒಂದು ಸಲವೂ 790 ದಾಟಲಿಲ್ಲ. ಬರುವ ಭಾನುವಾರ ಕೌಂಟಿ ತಂಡದ ಆಯ್ಕೆ. ಅದಕ್ಕೆ ಮೊದಲು ನನ್ನ ಬಂದೂಕನ್ನು ಸರಿಯಾದ ಬೆಳಕಿನಲ್ಲಿ ಇನ್ನೊಮ್ಮೆ ಅಳೆಯಬೇಕು. ದಯೆ ತೋರಿಸು ಎಂದು ಕೇಳುತ್ತಿಲ್ಲ, ಬಲ್ಬು ಹಾಕು ಎನ್ನುತ್ತಿದ್ದೇನೆ. ಹಾಕದಿದ್ದರೆ ಸಮಿತಿಗೆ ದೂರು ಕೊಡುತ್ತೇನೆ. ತಾಯಿಯಾದರೇನು, ಮಹಾರಾಣಿಯಾದರೇನು.

ಕೋಪದಲ್ಲೇ ಇರುವ,
ಜೋಸ್ಲಿನ್

ಕೊನೆಯ ಮಾತು: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ದೂರು ಕೊಡುವುದಿಲ್ಲ. ಮಧ್ಯಾಹ್ನ ಕ್ಲಿಫರ್ಡನಿಗೆ ಫೋನ್ ಮಾಡಿ ಬಲ್ಬು ಯಾಕೆ ತೆಗೆಸಿದರು ಎಂದು ಕೇಳಿದೆ. "ನಿಮ್ಮಮ್ಮಂಗೆ ಯಂತ್ರದ ಅಂಕಿ ಕಾಣ್ತಿರ್ಲಿಲ್ವಂತೆ, ಶೆಡ್ ಕತ್ತಲೆ ಅಂತ ಹಠ ಹಿಡಿದ್ರು" ಅಂದ. ಆ ಶೆಡ್ಡು ಕತ್ತಲೆ ಇರಲಿಲ್ಲ, ಅಮ್ಮ. ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ನಾನೇ ಕಾರು ತರುತ್ತೇನೆ. ಭಾನುವಾರ ಎಂದಿನಂತೆ ನೀನೇ ಯಂತ್ರದ ಮುಂದೆ ಕೂರು, ನಾನು ಪಕ್ಕದಲ್ಲಿ ನಿಂತು ಅಂಕಿ ಓದುತ್ತೇನೆ. ನನ್ನ ಬಂದೂಕಿನದನ್ನು ಮಾತ್ರ ಕ್ಲಿಫರ್ಡ್ ಓದಲಿ, ಇಲ್ಲದಿದ್ದರೆ ನೀನು ನಂಬುವುದಿಲ್ಲ. ಬೆಳಿಗ್ಗೆ ಬರೆದದ್ದನ್ನೂ ಸೇರಿಸಿ ಎಲ್ಲವನ್ನೂ ಈಗ ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಮತ್ತೆ ಬರೆದಿದ್ದೇನೆ. ಯಾರ ಕೈಯಲ್ಲೂ ಓದಿಸಬೇಡ.