ಜೀಪಿನ ಕಲ್ಲು

೧೮ ಜನವರಿ ೨೦೨೬, ಭಾನುವಾರ

ಜೀಪಿನಲ್ಲಿದ್ದ ಆ ಕಲ್ಲನ್ನು ಎಲ್ಲಿ ಎಸೆದೆನೋ, ನೆನಪಾಗುತ್ತಿಲ್ಲ.

ಮೂರು ತಿಂಗಳು ಶೆಡ್ಡಿನಲ್ಲಿ ಒದ್ದಾಡಿ, ಅಪ್ಪ ಬಿಟ್ಟುಹೋದ ಜೀಪಿಗೆ ಕೊನೆಗೂ ಹ್ಯಾಂಡ್‌ಬ್ರೇಕ್ ಕೂರಿಸಿದೆ. ಇವತ್ತು ಅಮ್ಮನನ್ನು ಅತ್ತಿಗುಂಡಿಯ ಏರುದಾರಿಗೆ ಕರೆದೊಯ್ದೆ. ಏರಿನ ನಡುವೆ ನಿಲ್ಲಿಸಿದ್ದೇ ತಡ, ಅಮ್ಮ ಸೆರಗು ಸಿಕ್ಕಿಸಿ ಇಳಿದು ಸೀಟಿನಡಿ ತಡಕಾಡಿದಳು. ಅಪ್ಪನ ಕಾಲದಲ್ಲಿ ಜೀಪು ಹಿಂದೆ ಜಾರದಂತೆ ಟೈರಿಗೆ ಕಲ್ಲು ಕೊಡುತ್ತಿದ್ದವಳು ಅವಳೇ.

"ಕಲ್ಲೆಲ್ಲೋ?"

"ಬೇಡಮ್ಮ, ಈಗ ಬ್ರೇಕ್ ಹಿಡಿಯುತ್ತೆ. ನೀನು ಆರಾಮಾಗಿ ಕೂತ್ಕೋ."

"ಕಲ್ಲು ಕೊಟ್ಟು ನಾನು ಕೈ ಎತ್ತೋ ತನಕ ನಿಮ್ಮಪ್ಪ ಬ್ರೇಕಿಂದ ಕಾಲು ತೆಗೀತಿರ್ಲಿಲ್ಲ ಮಾರಾಯ," ಎಂದು ಹತ್ತಿ ಕೂತಳು. ಜೀಪು ಮನೆಗೆ ತಿರುಗಿಸಿದೆ.

ಶೆಡ್ಡಿನಲ್ಲಿ ನೆಲ ಸಮತಟ್ಟು. ಆದರೂ ಅಮ್ಮ ಇಳಿದು, ಮೂಲೆಯಲ್ಲಿದ್ದ ಇಟ್ಟಿಗೆ ಚೂರು ತಂದು ಟೈರಿಗೆ ಕೊಟ್ಟಳು. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಅವಳು ಕೈ ಎತ್ತಿದ ಮೇಲೆ ಕಾಲು ತೆಗೆದೆ.